ಗೇರು ಎಂಬ ಎರಡಕ್ಷರ

ಹೋದ ತಿಂಗಳು ಅಥಣಿಗೆ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗಳು ಬಿಡಲಿಲ್ಲ. "ದೊಡ್ಡವ್ವಾ, ಹೊಸಾ ಸಲೂನ್ ಆಗೈತಿ, ಎಲ್ಲಾ ನ್ಯಾಚುರಲ್ ಅಂತ, ಒಮ್ಮೆ ನೋಡ ಬಾ" ಎಂದು ಎಳೆದುಕೊಂಡು ಹೋದಳು. ಬಾಗಿಲ ಎರಡೂ ಕಡೆ ಕುಂಡಗಳು, ಬಿದಿರಿನ ಬಾಚಣಿಕೆ, ಪ್ಲಾಸ್ಟಿಕ್ ಬಟ್ಟಲಿನ ಬದಲು ಮಣ್ಣಿನ ಬಟ್ಟಲು, ಗೋಡೆಯ ತುಂಬ ಹಸಿರು ಎಲೆಗಳ ಚಿತ್ರ. ಎಲೆಗಳ ಚಿತ್ರ ಹೆಚ್ಚಾದಷ್ಟೂ ನನ್ನ ಅನುಮಾನ ಹೆಚ್ಚುತ್ತದೆ. ಇಪ್ಪತ್ತು ವರ್ಷ ಚಿಕ್ಕೋಡಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸಿದವಳು ನಾನು. ಡಬ್ಬಿಯ ಮುಂದೆ ದೊಡ್ಡದಾಗಿ ಬರೆದದ್ದನ್ನು ಓದುವುದಿಲ್ಲ, ತಿರುಗಿಸಿ ಹಿಂದೆ ಸಣ್ಣಕ್ಷರದಲ್ಲಿ ಬರೆದದ್ದನ್ನು ಓದುತ್ತೇನೆ.

ಅಲ್ಲಿಯ ಹುಡುಗಿ ಒಂದು ಪುಡಿಯನ್ನು ಗುಲಾಬಿ ನೀರಿನಲ್ಲಿ ಕಲಸಿ ನನ್ನ ಮೂಗಿನ ಹತ್ತಿರ ಹಿಡಿದಳು. "ವಾಸನಿ ನೋಡ್ರಿ ಆಂಟಿ" ಎಂದಳು. ಕಚೋರ, ಲಾವಂಚ, ಒಣಗಿದ ಕಿತ್ತಳೆ ಸಿಪ್ಪೆ, ಇವೆಲ್ಲದರ ಅಡಿಯಲ್ಲಿ ಹಸಿ ಮಣ್ಣಿನ ವಾಸನೆ. ನನಗೆ ಅಲ್ಲಿ ಕೂರಲಾಗಲಿಲ್ಲ. "ಯಾಕ ದೊಡ್ಡವ್ವಾ, ಸೇರಲಿಲ್ಲೇನ?" ಎಂದು ತಂಗಿಯ ಮಗಳು ಕೇಳಿದಳು. "ತಲಿ ನೋಯಾಕತ್ತೈತಿ, ನೀ ಮುಗಿಸ್ಕೊಂಡ ಬಾ" ಎಂದು ಸುಳ್ಳು ಹೇಳಿ ಹೊರಗಿನ ಮೆಟ್ಟಿಲ ಮೇಲೆ ಬಂದು ಕುಳಿತೆ. ಸುಮನ್ ಕಾಕುವಿನ ಉಟಣೆಯ ವಾಸನೆ ಅದು. ನಾಲ್ಕು ವರ್ಷದ ಹಿಂದಿನ ಆ ಬೇಸಿಗೆಯ ನಂತರ ನಾನು ಅದನ್ನು ಮೂಸಿರಲಿಲ್ಲ.

ಮೊದಲು ನನ್ನ ವಿಷಯ ಹೇಳಬೇಕು. ನಾನು ಬಾದಾಮಿ ಕಡೆಯವಳು. ಮದುವೆಯಾಗಿ ಚಿಕ್ಕೋಡಿಗೆ ಬಂದಾಗ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಇಲ್ಲಿಯವರು ಕನ್ನಡದಲ್ಲಿ ಮಾತು ಶುರು ಮಾಡಿ ಮರಾಠಿಯಲ್ಲಿ ಮುಗಿಸುತ್ತಾರೆ. ನಡುವೆ ಎಲ್ಲಿ ದಾಟಿದೆವು ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಕಾಯಿಪಲ್ಲೆ ಕೊಳ್ಳುವಷ್ಟು ಮರಾಠಿಯನ್ನು ನಾನೂ ಕಲಿತೆ, ಅದಕ್ಕಿಂತ ಮುಂದೆ ಹೋಗಲಿಲ್ಲ. ಇಬ್ಬರು ಹೆಂಗಸರು ನನ್ನೆದುರು ಮರಾಠಿಯಲ್ಲಿ ಏನೋ ಅಂದು ನಕ್ಕರೆ, ಅದು ನನ್ನ ಮೇಲೆಯೇ ಎಂದು ಈಗಲೂ ಅನ್ನಿಸುತ್ತದೆ. ಸ್ವಭಾವ. ನನ್ನ ಅವ್ವ ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುತ್ತಿದ್ದಳು. ನಾನು ಅವಳ ಮಗಳು.

ಅನುಮಾನಕ್ಕೆ ಕಾರಣವೂ ಇತ್ತೆನ್ನಿ. ಆ ಬೇಸಿಗೆಯ ಹಿಂದಿನ ವರ್ಷ ಒಬ್ಬ ವ್ಯಾಪಾರಿ ಬಂದು "ಪೂರ್ತಿ ಗಿಡಮೂಲಿಕಿದು" ಎಂದು ಕರಿ ಮೆಹಂದಿಯ ಪೊಟ್ಟಣಗಳನ್ನು ಕೊಟ್ಟು ಹೋಗಿದ್ದ. ಪೊಟ್ಟಣದ ಮೇಲೆ ಎಲೆಯೋ ಎಲೆ. ನಮ್ಮ ಖಾಯಂ ಗಿರಾಕಿ ಒಬ್ಬ ಟೀಚರಮ್ಮನ ತಲೆಗೆ ಹಚ್ಚಿದೆ. ಮರುದಿನ ಅವರ ಹಣೆ ಬಾತು ಕಣ್ಣು ಮುಚ್ಚಿಹೋಗಿದ್ದವು. ಆ ತಾಯಿ ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ನನ್ನ ಬಾಗಿಲಿಗೆ ಬರಲಿಲ್ಲ, ಅಷ್ಟೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವತ್ತಿನಿಂದ ಯಾವ ಪುಡಿ ಬಂದರೂ ನೀರಿನಲ್ಲಿ ಕದಡಿ, ಬಟ್ಟೆಯ ಮೇಲೆ ತಿಕ್ಕಿ, ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದೆ.

ಮರುವರ್ಷ ಯುಗಾದಿ ಮುಗಿದ ವಾರದಲ್ಲಿ ಸುಮನ್ ಕಾಕು ನಿಪ್ಪಾಣಿಯಿಂದ ಬಸ್ಸಿನಲ್ಲಿ ಬಂದಳು. ಕಾಕು ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಎಲ್ಲರೂ ಹಾಗೇ ಕರೆಯುತ್ತಿದ್ದರು. ಐವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು, ಒಂಬತ್ತು ಗಜದ ಸೀರೆಯ ಕಚ್ಚೆ, ಕೈಯಲ್ಲಿ ಬಟ್ಟೆಯ ಚೀಲ. ಮಾತಿನ ನಡುವೆ ನಡುವೆ ಕೆಮ್ಮುತ್ತಿದ್ದಳು. ಕೆಮ್ಮು ನೋಡಿಯೇ ನಾನು ಕುರ್ಚಿ ಹಿಂದೆ ಸರಿಸಿದೆ. ಆಕೆಗೆ ತಿಳಿಯಿತು.

"ಹೆದರಬ್ಯಾಡ್ರಿ ಮ್ಯಾಡಮ್, ಅಂಟೂ ರೋಗ ಅಲ್ಲ ಇದು" ಎಂದಳು. "ಮೂವತ್ತ ವರ್ಷ ತಂಬಾಕಿನ ವಖಾರ್‍ಯಾಗ ದುಡದೀನಿ. ಧೂಳ ಎದ್ಯಾಗ ಕುಂತೈತಿ. ಡಾಕ್ಟರ್ ಅಂದ್ರು, ಕಾಕು, ಇನ್ನ ಒಂದ ವರ್ಷ ಅದರಾಗ ಹೋದಿ ಅಂದ್ರ ನಿನ್ನ ನಾಲ್ಕ ಮಂದಿ ಹೊತ್ಕೊಂಡ ಮನಿಗೆ ಬರ್ತಾರ ಅಂತ. ಬಿಟ್ನಿ. ನಮ್ಮವ್ವ ದೀಪಾವಳಿಗೆ ಉಟಣೆ ಮಾಡತಿದ್ಲು. ಈಗ ಅದನ್ನ ಬೀಸಿ ಮಾರಾಕತ್ತೀನಿ."

ಉಟಣೆ ಅಂದರೆ ಮೈಗೆ, ಮುಖಕ್ಕೆ ಹಚ್ಚುವ ಪುಡಿ. ಮರಾಠಿ ಮನೆಗಳಲ್ಲಿ ದೀಪಾವಳಿಯ ಎಣ್ಣೆಸ್ನಾನಕ್ಕೆ ಬೇಕೇ ಬೇಕು. ಕಾಕುವಿನದು ಸ್ವಲ್ಪ ಕೆಂಪಗಿತ್ತು, ನುಣ್ಣಗಿತ್ತು. ಕೊರೊನಾ ಕಳೆದ ಮೇಲೆ ಹೆಂಗಸರೆಲ್ಲ "ಕೆಮಿಕಲ್ ಬ್ಯಾಡ್ರಿ, ಮನಿದ ಏನರ ಇದ್ರ ಹಚ್ರಿ" ಎಂದು ಕೇಳುತ್ತಿದ್ದ ಕಾಲ. ತಗೊಂಡೆ. ನಮ್ಮಲ್ಲಿ ಕೆಲಸಕ್ಕಿದ್ದ ಕೊಕಟನೂರಿನ ರೇಣುಕಾ ಎಂಬ ಹೆಣ್ಣುಮಗಳು ಪೊಟ್ಟಣ ಒಡೆದು ಒಂದು ಲೋಟ ನೀರಿನಲ್ಲಿ ಕದಡಿ ಕಿಟಕಿಯಲ್ಲಿಟ್ಟಳು. ತಾಸು ಬಿಟ್ಟು ನೋಡಿದರೆ ತಳದಲ್ಲಿ ಕೆಂಪನೆಯ ಗಸಿ ಕುಂತಿತ್ತು.

ಮುಂದಿನ ವಾರ ಕಾಕು ಬಂದಾಗ ಕೇಳಿದೆ. "ಕಾಕು, ಇದರಾಗ ಕೆಂಪಂದ ಏನು?"

"ಅದು ನಮ್ಮವ್ವನ ಗುಟ್ಟ ಐತ್ರಿ. ಹೇಳಂಗಿಲ್ಲ" ಎಂದು ನಕ್ಕಳು. "ಮೊದಲ ಒಬ್ಬಾಕಿಗೆ ಎಲ್ಲಾ ಹೇಳಿ ಕುಂತಿದ್ನಿ. ಆಕಿ ತಾನ ಮಾಡಿ ಮಾರಾಕ ಹತ್ತಿದ್ಲು. ಒಮ್ಮೆ ಬುದ್ಧಿ ಬಂದೈತಿ."

ಆಕೆ ಹೇಳಿದ್ದು ನ್ಯಾಯದ ಮಾತು. ಯಾವ ಕಸುಬಿನವರೂ ತಮ್ಮ ಗುಟ್ಟನ್ನು ಬೀದಿಗಿಡುವುದಿಲ್ಲ. ಆದರೆ ಆ ನಗು ನನಗೆ ಸೇರಲಿಲ್ಲ. ಬಣ್ಣ ಹಾಕಿರಬೇಕು ಎಂದುಕೊಂಡೆ, ಹೋಳಿ ಹಬ್ಬದಲ್ಲಿ ಆಡುವ ಬಣ್ಣ.

ಆದರೆ ಉಟಣೆ ಕೆಲಸ ಮಾಡುತ್ತಿತ್ತಲ್ಲ, ಅದಕ್ಕೇನು ಹೇಳಬೇಕು. ಆ ಬಿಸಿಲು ಸಾಮಾನ್ಯದ್ದಲ್ಲ. ಹತ್ತು ಗಂಟೆಗೇ ಬಸ್‌ಸ್ಟ್ಯಾಂಡಿನ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು, ಮಧ್ಯಾಹ್ನ ಕರೆಂಟು ಹೋದರೆ ಸಂಜೆಗೇ ಬರುತ್ತಿತ್ತು. ಹೊಲದ ಬದುವಿನಲ್ಲಿ ಕಬ್ಬಿನ ರವದಿ, ಅಂದರೆ ಒಣ ಗರಿ, ಸುಟ್ಟ ಕರಿ ಹಾರಿ ಬಂದು ನಮ್ಮ ಕನ್ನಡಿಯ ಮೇಲೆ ಕೂರುತ್ತಿತ್ತು. ಅಂಥ ಬಿಸಿಲಲ್ಲಿ ಬೆಂದು ಬಂದ ಹೆಂಗಸರು ಉಟಣೆ ಹಚ್ಚಿಸಿಕೊಂಡು ಕಾಲುತಾಸು ಕಣ್ಣು ಮುಚ್ಚಿ ಕುಳಿತು ಎದ್ದರೆ "ಮಾರಿ ತಂಪ ಆತ್ರಿ ಅಕ್ಕಾರ" ಎನ್ನುತ್ತಿದ್ದರು. ಒಬ್ಬರು ಹತ್ತು ಜನರಿಗೆ ಹೇಳಿದರು. ಕಾಗವಾಡದ, ರಾಯಬಾಗದ ಪಾರ್ಲರಿನವರೂ ನನ್ನಿಂದ ಕೇಳಿ ಕಾಕುವಿನ ಹತ್ತಿರ ತರಿಸಿಕೊಂಡರು. ಲಗ್ನದ ದಿನಗಳು ಬೇರೆ. ಕಾಕು ವಾರಕ್ಕೆ ಎರಡು ಸಲ ಬರತೊಡಗಿದಳು. ಕೆಮ್ಮು ಕಡಿಮೆಯಾಗಿತ್ತು. ಹಿಟ್ಟಿನ ಗಿರಣಿಯವನು ಕಚೋರ ಬೀಸಿದರೆ ಹಿಟ್ಟು ವಾಸನೆ ಹಿಡಿಯುತ್ತದೆಂದು ತಕರಾರು ಮಾಡಿದ್ದಕ್ಕೆ ತನ್ನದೇ ಸಣ್ಣ ಗಿರಣಿ ಕೂರಿಸಿದ್ದಳು. "ವಖಾರಿ ಕಡಿ ಈಗ ಹೊಳ್ಳಿ ಸುದ್ದಾ ನೋಡೂದಿಲ್ರಿ" ಎಂದಳು ಒಂದು ದಿನ. ಮುಖದಲ್ಲಿ ಸಂತೋಷ ಕಾಣುತ್ತಿತ್ತು. ನನಗೆ ಆ ಸಂತೋಷವೂ ಅನುಮಾನದ ವಸ್ತುವಾಯಿತು. ಇಷ್ಟು ಬೇಗ ಇಷ್ಟು ಏರಿದಳೆಂದರೆ ಒಳಗೆ ಏನೋ ಇದೆ ಎಂದು ಲೆಕ್ಕ ಹಾಕಿದೆ.

ಮೇ ತಿಂಗಳಲ್ಲಿ ಮುಗಳಖೋಡದ ಸ್ವಾತಿಯ ಮದುವೆ ಬಂತು. ಅವಳ ತಾಯಿ ಮಹಾನಂದಾ ನನ್ನ ಹಳೆಯ ಗಿರಾಕಿ. ಬೀಗರು ಕೊಲ್ಲಾಪುರ ಕಡೆಯ ಮರಾಠಿಯವರು, ಮದುವೆ ಯಡೂರಿನಲ್ಲಿ. "ಅಕ್ಕಾರ, ಆ ಕಡಿ ಮಂದಿ ಸಣ್ಣ ಕಲಿ ಇದ್ರೂ ಎಣಿಸತಾರ. ನಮ್ಮ ಹುಡುಗಿ ಮಾರಿ ನಿಮ್ಮ ಕೈಯಾಗ ಐತಿ" ಎಂದು ಮಹಾನಂದಾ ಒಪ್ಪಿಸಿ ಹೋದರು. ಮೊದಲು ಸ್ವಾತಿಯ ಮೊಣಕೈ ಒಳಬದಿಗೆ ಉಟಣೆ ಹಚ್ಚಿ ಒಂದು ದಿನ ಬಿಟ್ಟು ನೋಡಿದೆ. ಏನೂ ಆಗಲಿಲ್ಲ. ಆಮೇಲೆ ಮುಖಕ್ಕೆ ಎರಡು ಸಲ ಹಚ್ಚಿದೆ. ಹುಡುಗಿ ಮಿರುಗುತ್ತಿದ್ದಳು.

ಮದುವೆಗೆ ನಾಲ್ಕು ದಿನ ಇರುವಾಗ ಬೆಳಿಗ್ಗೆ ಮಹಾನಂದಾ ಮಗಳ ಕೈ ಹಿಡಿದು ಪಾರ್ಲರಿಗೆ ಬಂದರು. ಸ್ವಾತಿ ಮುಖದ ಮೇಲಿಂದ ಸೆರಗು ತೆಗೆದಳು. ಎಡಗೆನ್ನೆಯ ಮೇಲೆ, ಬಾಯಿಯ ಹತ್ತಿರದಿಂದ ಕಿವಿಯ ಕಡೆಗೆ ಎಳೆದ ಹಾಗೆ ಗುಳ್ಳೆಗಳು. ಅಂಚು ಕಪ್ಪಗಾಗಿ ನಡುವೆ ನೀರು ತುಂಬಿತ್ತು.

"ಏನ್ ಹಚ್ಚಿದ್ರಿ ಅಕ್ಕಾರ ನೀವು?" ಎಂದರು ಮಹಾನಂದಾ. ದನಿ ಏರಿಸಲಿಲ್ಲ.

ನನ್ನ ಕಣ್ಣೆದುರು ಟೀಚರಮ್ಮನ ಮುಖ ಬಂತು. ಇದೂ ಅದೇ ಎಂದಿತು ಮನಸ್ಸು. ಅವರನ್ನು ಚರ್ಮದ ಡಾಕ್ಟರ ಹತ್ತಿರ ಕಳಿಸಿ, ರೇಣುಕಾಳನ್ನು ಕರೆದೆ. "ಈಗಿಂದೀಗ ನಿಪ್ಪಾಣಿಗೆ ಹೋಗು. ಪೊಟ್ಟಣ ಬೇಕಾಗ್ಯಾವ ಅಂತ ಹೇಳು. ಕಾಕು ಪುಡಿ ಕೂಡಿಸೂದನ್ನ ನೋಡ್ಕೊಂಡ ಬಾ. ಏನೇನ ಹಾಕತಾಳ, ಒಂದೂ ಬಿಡಬ್ಯಾಡ" ಎಂದೆ. ಕಾಕುವಿಗೇ ಫೋನು ಮಾಡಿ ಕೇಳಬಹುದಿತ್ತು. ಕಳ್ಳನಿಗೆ ಕದ್ದೆಯಾ ಎಂದು ಕೇಳಿದರೆ ಹೂಂ ಅನ್ನುತ್ತಾನೆಯೇ ಎಂಬುದು ನನ್ನ ಅವತ್ತಿನ ಜಾಣತನ.

ರೇಣುಕಾ ಮಧ್ಯಾಹ್ನ ಮೂರಕ್ಕೆ ಬೆವರು ಒರೆಸುತ್ತ ಬಂದಳು.

"ನೋಡಿದ್ಯಾ?"

"ನೋಡಿದ್ನಿರಿ. ಅರಿಷಿಣ, ಕೆಂಪ ಬ್ಯಾಳಿ, ಕಿತ್ತಳಿ ಸಿಪ್ಪಿ, ಕಚೋರ, ಮತ್ತೊಂದು ಹುಲ್ಲಿನ ಬೇರು."

"ಮತ್ತ?"

"ಕಡೀಕ ನನ್ನ ಹೊರಗ ಕುಂದ್ರಿಸಿ ಬಾಗಲಾ ಮುಂದ ಮಾಡಿದ್ಲ್ರಿ ಕಾಕು. ಒಳಗಿಂದ ಸೊಸಿಗೆ ಮರಾಠಿದಾಗ ಅಂದದ್ದು ಕೇಳ್ತು. 'ಗೇರು ಆಣ' ಅಂದ್ಲು. ಗೇರು ತಾ ಅಂತ."

"ಗೇರು ಅಂತ ಅಂದ್ಲೇನು? ನೀ ಖರೇ ಕೇಳಿದಿ?"

"ನಮ್ಮವ್ವನ ಆಣಿ ಮಾಡ್ತೀನ್ರಿ ಅಕ್ಕಾರ. ಗೇರು ಅಂತನ ಅಂದ್ಲು."

ಗೇರು. ನಮ್ಮ ಬಾದಾಮಿಯ ಕಡೆ, ರೇಣುಕಾಳ ಕೊಕಟನೂರಿನ ಕಡೆ, ಗೇರು ಅಂದರೆ ಗೋಡಂಬಿಯಲ್ಲ, ಅಗಸರು ಬಟ್ಟೆಗೆ ಗುರುತು ಹಾಕುವ ಕರಿಯ ಕಾಯಿ. ಅದರ ಎಣ್ಣೆ ಒಂದು ಹನಿ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ, ಅಂಚು ಕಪ್ಪಾಗುತ್ತದೆ. ಗೇರಿನ ಗಿಡದ ಕೆಳಗೆ ಹಾದರೂ ಮೈ ಕಡಿಯುತ್ತದೆ ಎಂದು ನಮ್ಮ ಅವ್ವ ದೂರದಿಂದ ಸುತ್ತಿಸಿ ಕರೆದುಕೊಂಡು ಹೋಗುತ್ತಿದ್ದಳು. ಸ್ವಾತಿಯ ಕೆನ್ನೆಯ ಮೇಲೆ ನಾನು ನೋಡಿದ್ದು ಅಂಥದ್ದೇ ಗುಳ್ಳೆ. ಇನ್ನೇನು ಬೇಕು? ಎರಡು ತಿಂಗಳಿಂದ ಹುಡುಕಿದ್ದು ಸಿಕ್ಕಿತ್ತು.

ಸ್ವಾತಿಯ ಮೊಣಕೈಗೆ ಹಚ್ಚಿದಾಗ ಏನೂ ಆಗಿರಲಿಲ್ಲ ಎಂಬುದು ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. ಎರಡು ತಿಂಗಳಲ್ಲಿ ಅಷ್ಟು ಹೆಂಗಸರಿಗೆ ಹಚ್ಚಿದರೂ ಒಬ್ಬರಿಗೂ ಒಂದು ಗುಳ್ಳೆ ಎದ್ದಿರಲಿಲ್ಲ, ಅದೂ ಬರಲಿಲ್ಲ. ಬರಬಾರದೆಂದು ನಾನೇ ತಡೆದಿರಬೇಕು.

ಸುತ್ತಲಿನ ಐದು ತಾಲೂಕಿನ ಪಾರ್ಲರಿನವರದೊಂದು ವಾಟ್ಸಾಪ್ ಗುಂಪಿತ್ತು. ಅಲ್ಲಿ ಬರೆದೆ. "ಎಲ್ಲಾ ಅಕ್ಕಂದಿರ ಗಮನಕ್ಕೆ. ನಿಪ್ಪಾಣಿಯ ಸುಮನ್ ಕಾಕು ಮಾರುವ ಉಟಣೆಯಲ್ಲಿ ಗೇರುಬೀಜದ ಎಣ್ಣೆ ಹಾಕುತ್ತಾರೆ. ನಮ್ಮ ಮದುಮಗಳೊಬ್ಬಳ ಮುಖ ಸುಟ್ಟಿದೆ. ಯಾರೂ ಬಳಸಬೇಡಿ." ಬೆಳಿಗ್ಗೆ ಸ್ವಾತಿಯ ಕಣ್ಣು ಕಾಣದ ಹಾಗೆ ತೆಗೆದಿದ್ದ ಕೆನ್ನೆಯ ಫೋಟೋ ಹಾಕಿದೆ. ರೇಣುಕಾ ಕೇಳಿದ್ದು ಗೇರು ಎಂಬ ಒಂದು ಶಬ್ದ. ಬೀಜ ಎಂದದ್ದೂ ನಾನು, ಎಣ್ಣೆ ಎಂದದ್ದೂ ನಾನು.

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಮಂದಿ ನಾವು. ಸಂಜೆಯೊಳಗೆ ಆ ಫೋಟೋ ಪಾರ್ಲರಿನವರಿಂದ ಗಿರಾಕಿಗಳಿಗೆ, ಗಿರಾಕಿಗಳಿಂದ ಅವರ ಅಕ್ಕತಂಗಿಯರಿಗೆ ಹೋಗಿ, ನನ್ನ ಗಂಡನ ಆಫೀಸಿನಿಂದ ತಿರುಗಿ ನಮ್ಮ ಮನೆಗೇ ಬಂತು. ಕಾಗವಾಡದ ಪಾರ್ಲರಿನವಳು ಇದ್ದ ಪೊಟ್ಟಣಗಳನ್ನೆಲ್ಲ ತಿಪ್ಪೆಗೆ ಹಾಕಿ ಅದರ ವಿಡಿಯೋ ಕಳಿಸಿದಳು. ಎಲ್ಲರೂ "ಭಾಳ ಚಲೋ ಮಾಡಿದ್ರಿ ಅಕ್ಕಾರ" ಎಂದರು. ನಾನು ಹಿಗ್ಗಿದೆ. ಸುಳ್ಳು ಹೇಳಿ ಏನು ಮಾಡಲಿ, ಹಿಗ್ಗಿದೆ.

ಕಾಕು ಅವತ್ತು ಆರು ಸಲ ಫೋನು ಮಾಡಿದಳು. ಎತ್ತಲಿಲ್ಲ. ಆಮೇಲೆ ಒಂದು ದನಿಸಂದೇಶ ಕಳಿಸಿದಳು. ನಾಟಕ ಕೇಳಲು ಪುರುಸೊತ್ತಿಲ್ಲ ಎಂದು ಅದನ್ನೂ ಹಾಗೇ ಬಿಟ್ಟೆ.

ಮದುವೆಯ ದಿನ ನಸುಕಿನಲ್ಲೇ ಯಡೂರಿಗೆ ಹೋದೆವು. ಕೃಷ್ಣೆ ಬತ್ತಿ ದಂಡೆಯ ಕಲ್ಲುಗಳು ಕಾಣುತ್ತಿದ್ದವು, ಹಿಂದಿನ ಸಂಜೆ ಬಿದ್ದ ಅಡ್ಡಮಳೆಗೆ ಮಣ್ಣು ಇನ್ನೂ ಹಸಿ ಇತ್ತು. ಮಂಗಲ ಕಾರ್ಯಾಲಯದ ಬಾಗಿಲಲ್ಲಿ ಬೀಗರ ಕಡೆಯ ಒಬ್ಬ ಮುದುಕಿ ಕುಕ್ಕರಗಾಲಲ್ಲಿ ಕುಳಿತು ನೆಲ ಬಳಿಯುತ್ತಿದ್ದಳು, ರಂಗೋಲಿ ಹಾಕಲು. ಮೇಕಪ್ ಪೆಟ್ಟಿಗೆ ಹಿಡಿದು ಅವಳನ್ನು ದಾಟಲು ಕಾಲೆತ್ತಿದ್ದೆ. ಆಕೆ ಒಳಗಿದ್ದ ಯಾರಿಗೋ ಕೂಗಿ ಹೇಳಿದಳು, "ಅಗ, ಥೋಡಾ ಗೇರು ಆಣ ಗ."

ಎತ್ತಿದ ಕಾಲು ಹಾಗೇ ಇಳಿಸಿದೆ. ಒಬ್ಬ ಹೆಂಗಸು ಸ್ಟೀಲಿನ ಡಬ್ಬಿ ತಂದುಕೊಟ್ಟಳು. ಮುದುಕಿ ಅದರಿಂದ ಒಂದು ಹಿಡಿ ಕೆಂಪು ಪುಡಿ ತೆಗೆದು ನೀರಲ್ಲಿ ಕಲಸಿದಳು. ಬರಿಗೈಯಲ್ಲಿ.

"ಆಜಿ, ಹೇ ಕಾಯ?" ಎಂದೆ, ನನಗೆ ಬರುವ ಮರಾಠಿಯಲ್ಲಿ.

"ಗೇರು" ಎಂದಳು. ನನ್ನ ಮುಖ ನೋಡಿ ಮರಾಠಿ ಬಾರದವಳೆಂದು ತಿಳಿದು ನೆಲದ ಮಣ್ಣು ತೋರಿಸಿದಳು. "ಮಾತಿ. ಲಾಲ ಮಾತಿ."

ಬಗ್ಗಿ ಬೆರಳದ್ದಿ ಮೂಸಿದೆ. ಕಾಕುವಿನ ಉಟಣೆಯ ತಳದಲ್ಲಿ ಇದ್ದದ್ದು ಇದೇ ವಾಸನೆ, ಇದೇ ಬಣ್ಣ. ನಮ್ಮ ಬಾದಾಮಿಯಲ್ಲಿ ಇದಕ್ಕೆ ಜಾಜು ಅನ್ನುತ್ತಾರೆ. ಹಬ್ಬಕ್ಕೆ ಮನೆಯ ಗೋಡೆಗೆ, ಕಟ್ಟೆಗೆ ಬಳಿಯುವ ಬಡ ಕೆಮ್ಮಣ್ಣು. ಚಿಕ್ಕವಳಿದ್ದಾಗ ನಾನೇ ಮೊಣಕೈವರೆಗೆ ಮೆತ್ತಿಕೊಂಡು ಬಳಿದಿದ್ದೇನೆ. ಆ ಮಣ್ಣಿಗೆ ಮರಾಠಿಯಲ್ಲಿ ಗೇರು ಅನ್ನುತ್ತಾರೆ ಎಂದು ಇಪ್ಪತ್ತು ವರ್ಷ ಈ ಊರಿನ ನೀರು ಕುಡಿದರೂ ನನಗೆ ತಿಳಿದಿರಲಿಲ್ಲ.

ಹಾಗಾದರೆ ಗುಳ್ಳೆ? ಒಳಗೆ ಹೋದೆ. ಸ್ವಾತಿಯನ್ನು ಕನ್ನಡಿಯೆದುರು ಕೂರಿಸಿ, ಒಣಗುತ್ತಿದ್ದ ಹಕ್ಕಳೆಯ ಮೇಲೆ ಡಾಕ್ಟರು ಕೊಟ್ಟ ಮುಲಾಮು ಸವರುತ್ತ ಸಣ್ಣ ದನಿಯಲ್ಲಿ ಕೇಳಿದೆ.

"ಸ್ವಾತಿ, ಖರೇ ಹೇಳು. ಗುಳ್ಳಿ ಏಳೂ ಮೊದಲ ಮಾರಿಗೆ ಏನರ ತಾಗಿತ್ತೇನ?"

ಅವಳು ಬಾಗಿಲ ಕಡೆ ನೋಡಿದಳು. ತಾಯಿ ಅಲ್ಲಿರಲಿಲ್ಲ. "ಹಿತ್ತಲದಾಗ ಉಪ್ಪಿನಕಾಯಿಗೆ ಮಾವಿನಕಾಯಿ ಇಳಿಸಾಕತ್ತಿದ್ರು ಅಕ್ಕಾರ. ನಾ ಒಂದ ತಗೊಂಡ ತೊಟ್ಟ ಮುರದ್ನಿ. ಸೊನಿ ಸಿಡದು ಇಲ್ಲಿ ಬಿತ್ತು. ಒರಸ್ಕೊಂಡ ಸುಮ್ಮನಾದ್ನಿ."

"ಯಾರಿಗೂ ಹೇಳಲಿಲ್ಲ?"

"ಲಗ್ನದ ಹುಡುಗಿ ಹಿತ್ತಲಕ್ಕ ಹೋಗಬ್ಯಾಡ, ಬಿಸಲಾಗ ನಿಂದ್ರಬ್ಯಾಡ ಅಂತ ಅವ್ವ ದಿನಾ ಒದರತಿದ್ಲು. ಹೇಳಿದ್ರ ಬೈತಾಳಂತ ಹೆದರಿದ್ನಿ. ಅಷ್ಟರಾಗ ನೀವ ಉಟಣಿದಿಂದ ಆಗೈತಿ ಅಂತ ಊರಿಗೆಲ್ಲಾ ಹೇಳಿದ್ರಲ್ರಿ." ಹುಡುಗಿಯ ಕಣ್ಣಲ್ಲಿ ನೀರು ಬಂತು. "ನಿಮಗೆಲ್ಲಾ ತಿಳೀತೈತಿ, ಉಟಣಿದಿಂದನ ಆಗಿರಬೇಕು ಅಂತ ನಾನೂ ಅಂದ್ಕೊಂಡ್ನಿ."

ಅಳಬ್ಯಾಡ, ಕಾಡಿಗೆ ಇಳೀತೈತಿ ಎಂದೆ. ಅವತ್ತು ನನ್ನ ಕೈ ಚೆನ್ನಾಗಿಯೇ ನಡೆಯಿತು. ಬೀಗರ ಕಡೆಯ ಯಾರೂ ಕೆನ್ನೆಯ ಕಲೆ ಎಣಿಸಲಿಲ್ಲ. ಅಕ್ಷತೆ ಬಿದ್ದವು, ಊಟಕ್ಕೆ ಎಲೆ ಹಾಕಿದರು. ನಾನು ಉಣ್ಣದೆ ಹೊಳೆಯ ಕಡೆಗೆ ಹೋಗಿ ಫೋನು ತೆಗೆದು ಕಾಕುವಿನ ದನಿಸಂದೇಶ ಕೇಳಿದೆ.

"ಮ್ಯಾಡಮ್, ನಾ ಸುಮನ್ ಮಾತಾಡೂದು. ನೀವ ಏನೋ ಬರದೀರಿ ಅಂತ ಎಲ್ಲಾರೂ ಪೊಟ್ಟಣ ಹೊಳ್ಳಿ ತಂದ ಒಗ್ಯಾಕತ್ತಾರ. ನನಗ ಕನ್ನಡಾ ಮಾತಾಡಾಕ ಬರತೈತಿ, ಓದಾಕ ಬರೂದಿಲ್ರಿ. ಏನ ಬರದೀರಿ ಅಂತ ನೀವ ಒಮ್ಮೆ ಹೇಳ್ರಿ. ನಂದ ತಪ್ಪಿದ್ರ ತಿದ್ಕೋತೀನಿ." ನಡುವೆ ಎರಡು ಸಲ ಕೆಮ್ಮಿದ್ದಳು.

ಅಲ್ಲೇ ಕಲ್ಲಿನ ಮೇಲೆ ಕುಳಿತು ಗುಂಪಿಗೆ ಮತ್ತೆ ಬರೆದೆ. ತಪ್ಪು ನನ್ನದು, ಅದು ಗೇರುಬೀಜ ಅಲ್ಲ, ಕೆಮ್ಮಣ್ಣು, ಹುಡುಗಿಗೆ ಆದದ್ದು ಮಾವಿನ ಸೊನೆಯಿಂದ, ಕಾಕುವಿನ ಉಟಣೆಯಲ್ಲಿ ಯಾವ ದೋಷವೂ ಇಲ್ಲ ಎಂದು. ಇಬ್ಬರು ಹೆಬ್ಬೆರಳು ಎತ್ತಿದರು. ಕಾಗವಾಡದವಳು "ಯಾಕ ಅಕ್ಕಾರ, ಕಾಕು ಬಂದು ಜಗಳಾ ತಗದ್ಲೇನ್ರಿ?" ಎಂದು ಕೇಳಿದಳು. ರಾಯಬಾಗದವಳು "ಈಗ ಏನ ಹೇಳಿದ್ರೂ ಗಿರಾಕಿ ಮುಟ್ಟೂದಿಲ್ರಿ, ಬಿಟ್ಟಬಿಡ್ರಿ" ಎಂದಳು. ಫೋಟೋವನ್ನು ಹೊತ್ತು ತಿರುಗಿದವರಲ್ಲಿ ಒಬ್ಬರೂ ಈ ಮಾತನ್ನು ಮುಂದೆ ದಾಟಿಸಲಿಲ್ಲ. ಅಡುಗೆಯಾದ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನ್ನ ಬುದ್ಧಿ ಹಾಗಾಯಿತು. ಇನ್ನೂ ಹತ್ತು ದಿನ ಒಬ್ಬೊಬ್ಬರಿಗೇ ಫೋನು ಮಾಡಿ ಹೇಳಿದೆ. "ಹೌದೇನ್ರಿ" ಅನ್ನುತ್ತಿದ್ದರು. ಆ ಹೌದೇನ್ರಿಯಲ್ಲಿದ್ದ ಅನುಮಾನ ನನಗೆ ಚೆನ್ನಾಗಿ ಪರಿಚಯದ್ದು.

ಕಾಕುವಿಗೆ ಫೋನು ಮಾಡಿದೆ. ಈ ಸಲ ಆಕೆ ಎತ್ತಲಿಲ್ಲ.

ಜೂನ್ ಮೊದಲ ವಾರ ನಿಪ್ಪಾಣಿಗೆ ಹೋದೆ. ಮೋಡ ಕವಿದು ಸೆಕೆ ಹಿಡಿದಿತ್ತು. ಓಣಿಯಲ್ಲಿ ಕೇಳುತ್ತ ಕೇಳುತ್ತ ಕಾಕುವಿನ ಮನೆ ಹುಡುಕಿದೆ. ಸೊಸೆ ಬಾಗಿಲಲ್ಲಿ ನಿಂತು ಅಕ್ಕಿ ಆರಿಸುತ್ತಿದ್ದಳು. ಒಳಗೆ ಗಿರಣಿಯ ಮೇಲೆ ಹಳೆಯ ಸೀರೆ ಹೊದಿಸಿತ್ತು.

"ಅತ್ತಿ ಇಲ್ರಿ. ವಖಾರಿಗೆ ಹೋಗ್ಯಾರ" ಎಂದಳು.

"ಯಾವ ವಖಾರಿ?"

"ಮೊದಲ ಹೋಗತಿದ್ರಲ್ರಿ, ತಂಬಾಕಿಂದು. ಸೋಮಾರದಿಂದ ಹೋಗಾಕತ್ತಾರ." ನಾನು ಯಾರು ಎಂದು ಕೇಳಲಿಲ್ಲ. ತಿಳಿದಿತ್ತೇನೋ. ದಾರಿ ಮಾತ್ರ ಕೈಮಾಡಿ ತೋರಿಸಿದಳು.

ಕೈಯಲ್ಲಿ ಚೀಲ ಹಿಡಿದು ವಖಾರಿಯ ಗೇಟಿನ ಹೊರಗೆ ನಿಂತೆ. ಅಲ್ಲಿ ನಿಂತರೇ ಗಂಟಲು ಕೆರೆಯುತ್ತಿತ್ತು, ಸೀನು ಬರುತ್ತಿತ್ತು. ಊಟದ ಹೊತ್ತಿಗೆ ಹೆಂಗಸರು ಗುಂಪಾಗಿ ಹೊರಬಂದರು. ಎಲ್ಲರ ತಲೆಯ ಮೇಲೂ ಕಂದು ಧೂಳು, ಎಲ್ಲರ ಮೂಗಿಗೂ ಬಟ್ಟೆ. ನಾನ್ಯಾರನ್ನೂ ಗುರುತಿಸಲಿಲ್ಲ. ಒಬ್ಬಳು ಗುಂಪು ಬಿಟ್ಟು ನನ್ನೆದುರು ಬಂದು ಬಟ್ಟೆ ಇಳಿಸಿದಳು. ಕಾಕು.

"ತಪ್ಪಾತ್ರಿ ಕಾಕು" ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಹೋಗಿ ಅಷ್ಟೇ ಉಳಿದಿತ್ತು. "ಗೇರು ಅಂದ್ರ ನಮ್ಮ ಕಡಿ ಬ್ಯಾರೇರಿ. ನನಗ ತಿಳೀಲಿಲ್ಲ."

"ಮಂದಿ ಹೇಳಿದ್ರು" ಎಂದಳು. ಕೆಮ್ಮಿದಳು. "ಮಾತ ತಿಳೀಲಿಲ್ಲ ಅಂದ್ರ ತಪ್ಪಲ್ರಿ. ನನಗೂ ನಿಮ್ಮ ಎಷ್ಟೋ ಮಾತ ತಿಳಿಯಂಗಿಲ್ಲ. ಒಂದ ಫೋನ್ ಹಚ್ಚಿ, ಕಾಕು, ಗೇರು ಅಂದ್ರ ಏನು ಅಂತ ಕೇಳಿದ್ರ ಹೇಳತಿದ್ನಿ. ಅವ್ವನ ಗುಟ್ಟು ಹೋದ್ರ ಹೋಗವಲ್ದ್ಯಾಕ."

ಕೇಳಿದ್ದರೆ ಆಕೆ ನಿರಪರಾಧಿ ಆಗಿಬಿಡುತ್ತಿದ್ದಳು. ಆಕೆ ತಪ್ಪು ಮಾಡಿ ಸಿಕ್ಕಿಬೀಳಲಿ ಎಂದು ನಾನು ಎರಡು ತಿಂಗಳು ಕಾದಿದ್ದೆ.

"ಮತ್ತ ಮಾಡ್ರಿ ಕಾಕು" ಎಂದೆ. "ಎಷ್ಟ ಮಾಡಿದ್ರೂ ನಾ ತಗೋತೀನಿ. ಈ ಧೂಳದಾಗ ಬ್ಯಾಡ್ರಿ. ನಿಮ್ಮ ಎದಿ..."

"ನೀವ ತಗೋತೀರಿ. ಹಚ್ಕೊಳ್ಳೋರು ಯಾರು?"

"ನಾ ಹೇಳ್ತೀನ್ರಿ ಎಲ್ಲಾರಿಗೂ. ಏನೂ ಆಗೂದಿಲ್ಲ, ಚಲೋ ಐತಿ ಅಂತ."

ಕಾಕು ನನ್ನ ಮುಖವನ್ನು ನೋಡಿದಳು. ಕಣ್ಣು, ಹಣೆ, ಕೆನ್ನೆ, ಒಂದೊಂದಾಗಿ. ನಾವು ಗಿರಾಕಿಯ ಚರ್ಮ ನೋಡುವ ಹಾಗೆ.

"ಮ್ಯಾಡಮ್, ನೀವ ಎಂದರ ಹಚ್ಕೊಂಡೀರೇನ್ರಿ?"

ಸುಳ್ಳು ಹೇಳಬಹುದಿತ್ತು. "ಇಲ್ಲ" ಎಂದೆ.

"ಗೊತ್ತಿತ್ತು. ಬಂದಾಗೊಮ್ಮೆ ನೋಡತಿದ್ನಿ" ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ತಿಳಿಯದ್ದನ್ನು ಕೇಳುವವರ ಹಾಗೆ ಕೇಳಿದಳು. "ನನ್ನ ಮ್ಯಾಲ ಅಷ್ಟ ಸಂಶೇ ಇತ್ತು ಅಂದ್ರ, ಮಂದಿ ಹೆಣ್ಮಕ್ಕಳ ಮಾರಿಗೆ ಯಾಕ ಹಚ್ಚಿದ್ರಿ?"

ಒಳಗೆ ಗಂಟೆ ಹೊಡೆಯಿತು. ಆಕೆ ಬುತ್ತಿ ಬಿಚ್ಚಿಯೇ ಇರಲಿಲ್ಲ. ಅದನ್ನು ಹಾಗೇ ಸೊಂಟಕ್ಕೆ ಸಿಕ್ಕಿಸಿ, ಬಟ್ಟೆಯನ್ನು ಮೂಗಿಗೆ ಎಳೆದುಕೊಂಡು, ಉಳಿದ ಹೆಂಗಸರ ಹಿಂದೆ ಒಳಗೆ ಹೋದಳು. ನಾನು ಗೇಟಿನ ಹತ್ತಿರವೇ ನಿಂತಿದ್ದೆ. ಎಷ್ಟು ಹೊತ್ತು ನಿಂತೆನೋ, ಕಾವಲಿನವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತ ಎದ್ದು ಬಂದ.

"ಯಾರ ನೀವು? ಇಲ್ಲಿ ಯಾಕ ನಿಂತೀರಿ? ಚೀಲದಾಗ ಏನೈತಿ, ತೋರಸ್ರಿ" ಎಂದ.

ಚೀಲ ಬಿಚ್ಚಿ ತೋರಿಸಿದೆ.